‘ಎಟರ್ನಲ್ಸ್’ ಎರಡನೇ ಸಲ: ಶಿರಸಿಯಲ್ಲಿ ಸಿಕ್ಕವರೆಲ್ಲ ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಸುಲಿಯುವ ರಾತ್ರಿ ನಮ್ಮ ಮನೆಯ ಜಗುಲಿಯಲ್ಲಿ ‘ಎಟರ್ನಲ್ಸ್’ ಹಾಕಿದ ಸುದ್ದಿ ಊರಿಗೆಲ್ಲ ಹಬ್ಬಿದೆ. ಅಂದಿನಿಂದ ಸೊಸೈಟಿಯ ಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರು ಅವವೇ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಪಾಯಸ ಆರುವ ತನಕ ಉತ್ತರ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಚಿತ್ರದ ಗುಟ್ಟನ್ನು ಮುಚ್ಚಿಟ್ಟು ಈ ಮಾತುಗಳನ್ನು ಆಡಲು ಸಾಧ್ಯವಿಲ್ಲ. ಆದ್ದರಿಂದ ನೋಡಿರದವರು ಮೊದಲು ನೋಡಿ ಬರಬಹುದು, ನಾನು ಎಲ್ಲಿಗೂ ಓಡಿಹೋಗುವುದಿಲ್ಲ.

ಇದು ಯಾವ ಚಿತ್ರ? ಶಿರಸಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ?

ಸಂಬಂಧವಿಲ್ಲ. ನಾಯಕಿಯ ಹೆಸರು ಸೆರ್ಸಿ. ಪರದೆಯ ಮೇಲೆ ಯಾರಾದರೂ ಅವಳನ್ನು ಕರೆದಾಗಲೆಲ್ಲ ನಮ್ಮ ಮನೆಯಲ್ಲಿ ಯಾರೋ ಒಬ್ಬರು ‘ಶಿರಸಿ, ಶಿರಸಿ, ಇಳಿಯುವವರು ಇಳಿಯಿರಿ’ ಎಂದು ಕಂಡಕ್ಟರನ ದನಿ ತೆಗೆಯುತ್ತಿದ್ದರು. ಮೊದಲ ನಾಲ್ಕು ಸಲ ನಗು ಬಂತು. ಹೆಸರು ಬಂದಿರುವುದು ಗ್ರೀಕ್ ಪುರಾಣದ ಮಾಯಾವಿನಿ ಸರ್ಸಿಯಿಂದ. ಮಿಕ್ಕವರ ಹೆಸರುಗಳೂ ಹಾಗೆಯೇ: ಥೀನಾ ಎಂದರೆ ಅಥೀನಾ, ಮಕ್ಕಾರಿ ಎಂದರೆ ಮರ್ಕ್ಯುರಿ, ಇಕಾರಿಸ್ ಎಂದರೆ ಸೂರ್ಯನ ಹತ್ತಿರ ಹಾರಿ ರೆಕ್ಕೆ ಸುಟ್ಟುಕೊಂಡ ಇಕಾರಸ್. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ.

ಜಾಕ್ ಕಿರ್ಬಿ 1976ರಲ್ಲಿ ಶುರು ಮಾಡಿದ ಕಾಮಿಕ್ಸ್ ಇದರ ಮೂಲ. ಕ್ಲೋಯಿ ಝಾವೊ ನಿರ್ದೇಶಿಸಿದ ಮಾರ್ವೆಲ್ ಚಿತ್ರ 2021ರ ನವೆಂಬರ್ 5ರಂದು ತೆರೆಗೆ ಬಂತು. ನಮ್ಮಲ್ಲಿ ಅಂದು ಬಲಿಪಾಡ್ಯಮಿ. ಹತ್ತು ಮಂದಿ ಅಮರರು ಕ್ರಿಸ್ತಪೂರ್ವ 5000ದಲ್ಲಿ ಮೆಸೊಪೊಟೇಮಿಯಕ್ಕೆ ಬಂದಿಳಿಯುತ್ತಾರೆ, ‘ಡೀವಿಯಂಟ್’ಗಳೆಂಬ ಮೃಗಗಳಿಂದ ಮನುಷ್ಯರನ್ನು ಕಾಯುತ್ತಾರೆ, ಒಡೆಯನ ಅಪ್ಪಣೆ ಬರುವ ತನಕ ಇಲ್ಲೇ ಉಳಿಯುತ್ತಾರೆ. ಏಳು ಸಾವಿರ ವರ್ಷ ಕಳೆದ ಮೇಲೆ ತಿಳಿಯುವುದು ಇಷ್ಟು: ಭೂಮಿಯ ಹೊಟ್ಟೆಯೊಳಗೆ ಟಿಯಾಮುತ್ ಎಂಬ ದೈತ್ಯದೇವನೊಬ್ಬ ಬೆಳೆಯುತ್ತಿದ್ದಾನೆ. ಅವನು ಹುಟ್ಟಿದರೆ ಭೂಮಿ ಒಡೆಯುತ್ತದೆ. ತಾವು ಕಾಯುತ್ತಿದ್ದುದು ಮನುಷ್ಯರನ್ನಲ್ಲ, ಆ ಬಸಿರನ್ನು.

ವಿಮರ್ಶಕರು ಅಷ್ಟೊಂದು ಬಯ್ದಿದ್ದು ನಿಜವೇ?

ನಿಜ. ರಾಟನ್ ಟೊಮ್ಯಾಟೋಸ್‌ನಲ್ಲಿ ಇದಕ್ಕೆ ದಕ್ಕಿದ್ದು ಶೇಕಡ 47. ಆ ತಾಣದ ಲೆಕ್ಕದಲ್ಲಿ ‘ಕೊಳೆತದ್ದು’ ಎನ್ನಿಸಿಕೊಂಡ ಮೊದಲ ಮಾರ್ವೆಲ್ ಸ್ಟುಡಿಯೋಸ್ ಚಿತ್ರ ಇದೇ. ಆದರೆ ನೂರಕ್ಕೆ ನಲವತ್ತೇಳು ಅಂಕ ಎಂದು ಇದನ್ನು ಓದಬಾರದು. ನೂರು ವಿಮರ್ಶಕರಲ್ಲಿ ನಲವತ್ತೇಳು ಮಂದಿ ‘ಅಡ್ಡಿಯಿಲ್ಲ’ ಎಂದರು, ಐವತ್ತಮೂರು ಮಂದಿ ‘ಬೇಡ’ ಎಂದರು ಎಂದಷ್ಟೇ ಅದರ ಅರ್ಥ. ಅರವತ್ತಕ್ಕಿಂತ ಕೆಳಗಿಳಿದರೆ ಕೊಳೆತ ಮುದ್ರೆ ಬೀಳುತ್ತದೆ. ಅರೆಮನಸ್ಸಿನಿಂದ ‘ಬೇಡ’ ಎಂದವನಿಗೂ ಚಪ್ಪಲಿ ಎಸೆದವನಿಗೂ ಈ ಎಣಿಕೆಯಲ್ಲಿ ವ್ಯತ್ಯಾಸವಿಲ್ಲ. ಅಡಿಕೆ ಮಂಡಿಯಲ್ಲಿ ಹೀಗೆ ದರ ಕಟ್ಟಿದರೆ ಬೆಳೆಗಾರರು ಸುಮ್ಮನಿರುತ್ತಾರೆಯೇ?

ಚಿತ್ರಮಂದಿರದಿಂದ ಹೊರಬಂದ ಅಮೆರಿಕದ ಪ್ರೇಕ್ಷಕರನ್ನು ಕೇಳಿ ದರ್ಜೆ ಕೊಡುವ ಸಿನೆಮಾಸ್ಕೋರ್ ಕೂಡ ‘ಬಿ’ ಕೊಟ್ಟಿತು. ಮಾರ್ವೆಲ್ ಸ್ಟುಡಿಯೋಸ್ ಚಿತ್ರಗಳ ಪೈಕಿ ಅಲ್ಲಿಯವರೆಗೆ ಅದೇ ಕನಿಷ್ಠ. ಹಾಗಾಗಿ ಬಯ್ದವರು ವಿಮರ್ಶಕರು ಮಾತ್ರ ಎಂದು ಹೇಳಿ ನಾನು ಜಾರಿಕೊಳ್ಳುವಂತಿಲ್ಲ.

ಮೊದಲು ಬಯ್ದವರಲ್ಲಿ ನೀವೂ ಒಬ್ಬರಲ್ಲವೇ?

ಹೌದು, ಗಟ್ಟಿಯಾಗಿಯೇ ಬಯ್ದಿದ್ದೆ. ಗೋಪೂಜೆ ಮುಗಿಸಿ, ಹೋಳಿಗೆ ತಿಂದ ಹೊಟ್ಟೆಯಲ್ಲೇ ಎರಡು ದಿನ ಕಳೆದು, ಭಾನುವಾರ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ನೋಡಿದೆ. ಎರಡೂವರೆ ಗಂಟೆಗೂ ಮೀರಿದ ಚಿತ್ರ. ಎ.ಸಿ. ತಂಪಿಗೆ ಬ್ಯಾಬಿಲೋನಿನಲ್ಲಿ ಕಣ್ಣು ಮುಚ್ಚಿದವನು ಅಮೆಜಾನ್ ಕಾಡಿನಲ್ಲಿ ಎದ್ದೆ. ಎದ್ದ ಮೇಲೂ ಇವರು ಮಾತಾಡುತ್ತಲೇ ಇದ್ದರು. ಹಾರುತ್ತಾರೆ, ಕಣ್ಣಿನಿಂದ ಬೆಂಕಿ ಬಿಡುತ್ತಾರೆ ಎಂದು ಟಿಕೆಟ್ ಕೊಂಡವನ ಮುಂದೆ ಹತ್ತು ಜನ ಕುಳಿತು ‘ನಮ್ಮ ಕರ್ತವ್ಯ ಏನು’ ಎಂದು ಚರ್ಚಿಸುತ್ತಿದ್ದರು. ಮುಂಡಗೋಡ ದಾಟುವ ತನಕ ಪಕ್ಕದ ಸೀಟಿನ ಅಪರಿಚಿತರಿಗೆ ಈ ಚಿತ್ರದ ಮೇಲೆ ಛೀಮಾರಿ ಹಾಕುತ್ತಾ ಬಂದೆ. ಅವರು ನೋಡಿಯೂ ಇರಲಿಲ್ಲ.

ಮತ್ತೆ ನೋಡುವ ಬುದ್ಧಿ ಹೇಗೆ ಬಂತು?

ಬುದ್ಧಿ ಬಂದದ್ದಲ್ಲ, ಪಾಳಿ ಬಂದದ್ದು. ಕೊಯ್ಲಿನ ದಿನ ಇಳಿಸಿದ ಹಸಿ ಅಡಿಕೆಯನ್ನು ಅಂದೇ ರಾತ್ರಿ ಸುಲಿಯಬೇಕು. ಜಗುಲಿಯ ಉದ್ದಕ್ಕೂ ಏಳೆಂಟು ಮೆಟ್ಟುಗತ್ತಿ, ನಡುವೆ ಕೊನೆಗಳ ರಾಶಿ. ಕಾಯನ್ನು ಅಲಗಿಗೆ ಒತ್ತಿ ಒಂದು ತಿರುವು ಕೊಟ್ಟರೆ ‘ಚರಕ್’ ಎಂದು ಸಿಪ್ಪೆ ಬಾಯಿ ಬಿಡುತ್ತದೆ, ಮರುಕ್ಷಣ ಅಡಿಕೆ ‘ಟಕ್’ ಎಂದು ಬುಟ್ಟಿಗೆ ಬೀಳುತ್ತದೆ. ನಿದ್ದೆ ಬಾರದಿರಲು ಏನಾದರೂ ಬೇಕು. ಮೊದಲೆಲ್ಲ ರೇಡಿಯೋ ಇತ್ತು, ಈಗ ಟಿ.ವಿ. ಅಂದು ಆರಿಸುವ ಪಾಳಿ ಎಂಟನೇ ತರಗತಿಯಲ್ಲಿರುವ ನನ್ನ ಅಣ್ಣನ ಮಗನದು. ಅವನು ಇದನ್ನು ಹಾಕಿದ. ನಾನು ತಕರಾರು ಮಾಡಿದೆ. ‘ಕೈ ಕೆಲಸ ಮಾಡಲಿ, ಕಣ್ಣು ನಿನಗೆ ಬೇಕಾದ ಕಡೆ ಇರಲಿ’ ಎಂದಳು ಆಯಿ.

ಮೆಟ್ಟುಗತ್ತಿಯ ಸದ್ದಿನಷ್ಟು ಪ್ರಾಮಾಣಿಕ ವಿಮರ್ಶಕ ಇನ್ನೊಬ್ಬನಿಲ್ಲ. ಚಿತ್ರ ಹಿಡಿಯದಿದ್ದರೆ ಚರಕ್ ಟಕ್ ಜೋರಾಗುತ್ತದೆ, ಹಿಡಿದರೆ ನಿಧಾನವಾಗುತ್ತದೆ. ಅಂದು ರಾತ್ರಿ ಆ ಸದ್ದು ಮೂರು ಸಲ ಪೂರ್ತಿ ನಿಂತಿತು. ಮೂರರಲ್ಲಿ ಒಂದೂ ಹೊಡೆದಾಟದ ದೃಶ್ಯವಲ್ಲ.

ಎರಡನೇ ಸಲಕ್ಕೆ ಬದಲಾದದ್ದೇನು?

ಇಕಾರಿಸನ ಮುಖ.

ಮೊದಲ ಸಲ ರಿಚರ್ಡ್ ಮ್ಯಾಡನ್ ಅಭಿನಯ ನನಗೆ ಮರದ ಹಲಗೆಯಂತೆ ಕಂಡಿತ್ತು. ಸೌತ್ ಡಕೋಟಾದ ಮನೆಯಂಗಳದಲ್ಲಿ ಗುಂಪಿನ ಹಿರಿಯಳಾದ ಏಜಕ್ ಸತ್ತು ಬಿದ್ದಿರುತ್ತಾಳೆ. ಸೆರ್ಸಿ ಕುಸಿಯುತ್ತಾಳೆ, ಸ್ಪ್ರೈಟ್ ದಿಗಿಲು ಬೀಳುತ್ತಾಳೆ, ಇಕಾರಿಸ್ ಸುಮ್ಮನೆ ನಿಂತಿರುತ್ತಾನೆ. ‘ಇವನಿಗೆ ಅಳಲೂ ಬರುವುದಿಲ್ಲ’ ಎಂದುಕೊಂಡಿದ್ದೆ. ಮುಂದೆ ಗೊತ್ತಾಗುವಂತೆ, ಅವಳನ್ನು ಅಲಾಸ್ಕಾದ ಹಿಮದ ನಡುವೆ ಮೃಗಗಳ ಬಾಯಿಗೆ ಕೊಟ್ಟವನು ಅವನೇ. ಭೂಮಿ ಒಡೆಯುವ ಗುಟ್ಟು ಶತಮಾನಗಳಿಂದ ಅವನಿಗೆ ತಿಳಿದಿತ್ತು. ಏಜಕ್ ಮನಸ್ಸು ಬದಲಿಸಿ ಮನುಷ್ಯರ ಪಕ್ಷಕ್ಕೆ ವಾಲಿದಾಗ, ಒಡೆಯನ ಅಪ್ಪಣೆಗೆ ಅಡ್ಡ ಬಂದಳೆಂದು ಕೊಂದ.

ಇದು ಗೊತ್ತಿದ್ದು ನೋಡಿದರೆ ಚಿತ್ರ ಬೇರೆ. ಆ ಮುಖ ಅಳು ಬಾರದವನದಲ್ಲ, ತಾನೇ ಕೆಡವಿದ ಹೆಣವನ್ನು ಮಿಕ್ಕವರ ಜೊತೆ ಮೊದಲ ಸಲ ನೋಡಿದವನಂತೆ ನಿಲ್ಲಬೇಕಾದವನದು. ಸೆರ್ಸಿಯನ್ನು ಅಷ್ಟು ಪ್ರೀತಿಸಿದವನು ಕಾರಣ ಹೇಳದೆ ಎದ್ದು ಹೋದದ್ದು ಮೊದಲ ಸಲ ಚಿತ್ರಕಥೆಯ ಸೋಮಾರಿತನ ಎನ್ನಿಸಿತ್ತು. ಈಗ ತಿಳಿಯಿತು: ಅವಳ ಕಣ್ಣಿಗೆ ಕಣ್ಣು ಕೊಟ್ಟು ಆ ಗುಟ್ಟನ್ನು ಬಚ್ಚಿಡಲು ಅವನಿಂದ ಆಗಲಿಲ್ಲ. ಸೆರ್ಸಿ ಬಂದು ನಿಜವನ್ನು ಎಲ್ಲರಿಗೂ ಹೇಳುವಾಗ ಅವನ ಕಡೆ ನೋಡಿ. ಕೇಳಿಸಿಕೊಳ್ಳುವವನ ಮುಖವೇ ಅಲ್ಲ ಅದು. ಯಾರು ಯಾವ ಕಡೆ ವಾಲುತ್ತಾರೆ ಎಂದು ಎಣಿಸುವವನ ಮುಖ.

ಇಕಾರಿಸನನ್ನು ಭೀಷ್ಮ ಮಾಡಿದವರು ಯಾರು? ನೀವೋ ನಿಮ್ಮ ಮಾವನೋ?

ಮಾವ. ಆ ಜಗಳದ ಪುಣ್ಯವೆಲ್ಲ ಕರೆಂಟಿಗೆ ಸಲ್ಲಬೇಕು. ಇಕಾರಿಸನ ಗುಟ್ಟು ರಟ್ಟಾದ ಕೂಡಲೇ ದೀಪ ಹೋಯಿತು. ಮೆಟ್ಟುಗತ್ತಿಗಳು ನಿಂತದ್ದು ಇದು ಎರಡನೇ ಸಲ. ಎಮರ್ಜೆನ್ಸಿ ದೀಪ ಹಚ್ಚಿಟ್ಟು ಕುಳಿತವರು ಮುಕ್ಕಾಲು ಗಂಟೆ ಮಾಡಿದ್ದು ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದೆ ಕುಳಿತಲ್ಲೇ ಪಾತ್ರದ ಮಾತು (‘ಅರ್ಥ’) ಹೇಳಿ ವಾದಿಸುವ ಯಕ್ಷಗಾನ. ಭಾಗವತರ ಹಾಡು ಇರಲಿಲ್ಲ, ಮದ್ದಳೆಯ ಬದಲು ಅಡಿಕೆ ಬೀಳುವ ಸದ್ದು.

ಪಕ್ಕದ ಮನೆಯ ಮಾವ ಚಿಕ್ಕಂದಿನಿಂದ ಅರ್ಥ ಹೇಳಿದವರು, ಸೋಲುವ ಪಕ್ಷವನ್ನೇ ಹಿಡಿಯುವುದು ಅವರ ಚಾಳಿ. ‘ಇಕಾರಿಸನ ತಪ್ಪೇನು ಹೇಳು’ ಎಂದು ಶುರು ಮಾಡಿದರು. ‘ಅವನು ಮಾತು ಕೊಟ್ಟವನು. ಒಡೆಯ ಹೇಳಿದ ಕೆಲಸಕ್ಕೆಂದೇ ಹುಟ್ಟಿದವನು. ಈ ಒಂದು ಭೂಮಿ ಹೋದರೆ ಕೋಟಿ ಲೋಕ ಹುಟ್ಟುತ್ತದೆ ಎಂದು ಅವನ ಶಾಸ್ತ್ರ ಹೇಳುತ್ತದೆ. ಹಸ್ತಿನಾವತಿಯ ಗದ್ದುಗೆಯಲ್ಲಿ ಯಾರು ಕುಳಿತರೂ ಕಾಯುತ್ತೇನೆ ಎಂದ ಭೀಷ್ಮನನ್ನು ನೀವು ಪಿತಾಮಹ ಎನ್ನುತ್ತೀರಿ, ಇವನನ್ನು ಮಾತ್ರ ಕೊಲೆಗಡುಕ ಎನ್ನುತ್ತೀರಿ.’

ಅತ್ತಿಗೆ ಬಿಡಲಿಲ್ಲ. ‘ಭೀಷ್ಮ ಸಭೆಯಲ್ಲಿ ಸುಮ್ಮನೆ ಕುಳಿತ, ಸರಿ. ಆದರೆ ತಾಯಿಯಂಥವಳನ್ನು ಬೆನ್ನ ಹಿಂದಿನಿಂದ ದೂಡಲಿಲ್ಲ’ ಎಂದರು. ಮಾವ ಅಂಬೆಯ ಪ್ರಸಂಗ ಎತ್ತಿದರು. ಅದಕ್ಕೆ ಅತ್ತಿಗೆ ಕೊಟ್ಟ ಉತ್ತರ ಕೇಳಿ ಮಾವ ಒಂದು ಎಲೆಯಡಿಕೆ ಕವಳ ಹಾಕಿಕೊಳ್ಳುವಷ್ಟು ಹೊತ್ತು ಮೌನ ತಾಳಿದರು: ‘ಅಂಬೆಗಾದದ್ದನ್ನು ಅಂಬೆ ಮರೆಯಲಿಲ್ಲವಲ್ಲ ಮಾವ. ಇವರಿಗಾದರೋ ಪ್ರತಿ ಲೋಕ ಮುಗಿದ ಮೇಲೂ ನೆನಪನ್ನೇ ಅಳಿಸಿಬಿಡುತ್ತಾರೆ. ಮಾತು ಕೊಟ್ಟದ್ದೇ ನೆನಪಿಲ್ಲದವನು ಯಾವ ಮಾತಿಗೆ ಕಟ್ಟುಬೀಳುವುದು?’

ಹುಬ್ಬಳ್ಳಿಯಲ್ಲಿ ನಾನು ಬಯ್ದಿದ್ದು ಇದೇ ಚರ್ಚೆಯನ್ನು. ಯುದ್ಧದ ಆಟ ಎಂದು ಡಂಗುರ ಹೊಡೆದು ಕರೆತಂದು ತಾಳಮದ್ದಳೆ ತೋರಿಸಿದರು ಎಂಬುದು ನನ್ನ ಸಿಟ್ಟಾಗಿತ್ತು. ಡಂಗುರ ಹೊಡೆದವರ ತಪ್ಪಿಗೆ ಅರ್ಥಧಾರಿಗಳಿಗೆ ಹೊಡೆದಂತಾಗಿತ್ತು. ಮೇಲಾಗಿ ಕಥೆ ಮೊದಲೇ ಗೊತ್ತಿದ್ದರೆ ರಸ ಹೋಗುತ್ತದೆ ಎಂದು ನಮ್ಮ ಕಡೆಯವರು ಯಾವಾಗ ಅಂದುಕೊಂಡಿದ್ದೇವೆ? ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೇ ಬೆಳಗಿನ ಜಾವದ ತನಕ ಕೂರುತ್ತೇವೆ.

ಹತ್ತು ಅಮರರಲ್ಲಿ ಒಬ್ಬನಾದ ಕಿಂಗೋ ಕೊನೆಯ ಯುದ್ಧಕ್ಕೆ ಬಾರದೆ ಹೊರಟುಹೋದನಲ್ಲ, ಅದು ಕಥೆಯ ತೂತಲ್ಲವೇ?

ಬಲರಾಮ ಕುರುಕ್ಷೇತ್ರ ಬಿಟ್ಟು ತೀರ್ಥಯಾತ್ರೆಗೆ ಹೋದದ್ದು ವ್ಯಾಸರ ತೂತೇ? ಕಿಂಗೋ ಮನಸ್ಸು ಇಕಾರಿಸನ ವಾದದ ಕಡೆಗಿದೆ, ಕೈ ಮಾತ್ರ ಮನೆಯವರ ಮೇಲೆ ಏಳುವುದಿಲ್ಲ. ಎದ್ದು ನಡೆದ. ಸೂಪರ್‌ಹೀರೋ ಚಿತ್ರದಲ್ಲಿ ಒಬ್ಬ ವೀರ ಕೊನೆಯ ಗಳಿಗೆಗೆ ಹಾರಿ ಬಂದು ಎಲ್ಲರನ್ನೂ ಉಳಿಸುವುದು ವಾಡಿಕೆ. ನನ್ನ ಅಣ್ಣನ ಮಗ ಕೊನೆಯವರೆಗೂ ‘ಈಗ ಬರುತ್ತಾನೆ, ಈಗ ಬರುತ್ತಾನೆ’ ಎನ್ನುತ್ತಿದ್ದ. ಅವನು ಬರಲೇ ಇಲ್ಲ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಧೈರ್ಯದ್ದೆನ್ನಿಸಿದ ತೀರ್ಮಾನ ಅದು.

ಹತ್ತು ಜನ ಜಾಸ್ತಿಯಾಯಿತು ಎನ್ನುತ್ತಾರಲ್ಲ?

ಆಯಿತು, ಒಪ್ಪುತ್ತೇನೆ. ನಮ್ಮ ಯಕ್ಷಗಾನ ಮೇಳಗಳಲ್ಲಿ ಒಡ್ಡೋಲಗ ಎಂಬುದೊಂದಿದೆ. ವೇಷಗಳು ತೆರೆಯ ಹಿಂದಿನಿಂದ ಒಂದೊಂದಾಗಿ ಬಂದು, ಕುಣಿದು, ತಾವು ಯಾರೆಂದು ತಿಳಿಸಿ, ಆಮೇಲೆ ಕಥೆಗೆ ಇಳಿಯುತ್ತವೆ. ಝಾವೊ ಹತ್ತೂ ಮಂದಿಯನ್ನು ಒಮ್ಮೆಗೇ ರಂಗಕ್ಕೆ ನುಗ್ಗಿಸಿ, ಆಮೇಲೆ ಒಬ್ಬೊಬ್ಬರ ಮನೆ ಹುಡುಕಿಕೊಂಡು ಲಂಡನ್, ಮುಂಬಯಿ, ಆಸ್ಟ್ರೇಲಿಯಾ, ಅಮೆಜಾನ್, ಶಿಕಾಗೋ ಎಂದು ಅಲೆಸುತ್ತಾರೆ. ಚುನಾವಣೆ ಪ್ರಚಾರದಂತೆ. ಅರ್ಧದಷ್ಟು ಹೊತ್ತು ಅದಕ್ಕೇ ಹೋಗುತ್ತದೆ.

ಆದರೆ ಆ ಅಲೆದಾಟದ ನಡುವೆಯೇ ಗಿಲ್ಗಮೇಶ್ ಮತ್ತು ಥೀನಾ ಸಿಗುತ್ತಾರೆ. ಥೀನಾ ಪಾತ್ರ ಏಂಜೆಲಿನಾ ಜೋಲಿಯದು. ಅವಳಿಗೊಂದು ಮರೆವಿನ ಕಾಯಿಲೆ. ಹಳೆಯ ನೆನಪು ನುಗ್ಗಿ ಬಂದಾಗ ತನ್ನವರನ್ನೇ ಗುರುತಿಸದೆ ಮೇಲೆ ಬೀಳುತ್ತಾಳೆ. ಕೊರಿಯಾ ಮೂಲದ ಡಾನ್ ಲೀ ಅಭಿನಯಿಸಿದ ಗಿಲ್ಗಮೇಶ್, ಬರಿಗೈಯಲ್ಲಿ ಮೃಗ ಕೊಲ್ಲುವ ಆಳು, ಶತಮಾನಗಟ್ಟಲೆ ಮರುಭೂಮಿಯ ಒಂದು ಮನೆಯಲ್ಲಿ ಅವಳಿಗೆ ಅಡುಗೆ ಮಾಡಿ ಹಾಕಿಕೊಂಡಿದ್ದಾನೆ. ಎಂಜಲಿನಿಂದ ಹುಳಿ ಬರಿಸಿದ ಬಿಯರನ್ನು ಅವನು ಅತಿಥಿಗಳಿಗೆ ಕೊಟ್ಟಾಗ ಆಯಿ ಮೆಟ್ಟುಗತ್ತಿ ಬಿಟ್ಟು ಎದ್ದು ಕೈ ತೊಳೆದು ಬಂದಳು. ಅದೇ ಆಯಿ, ಅವನು ಥೀನಾಳನ್ನು ಸಮಾಧಾನ ಮಾಡಿ ಕೂರಿಸಿದಾಗ, ಅಡಿಕೆಯನ್ನು ಅಲಗಿಗೆ ಒತ್ತಿದವಳು ತಿರುವದೆ ಹಾಗೆಯೇ ಹಿಡಿದುಕೊಂಡಿದ್ದಳು. ಅಮ್ಮಮ್ಮನ ಕೊನೆಯ ಆರು ವರ್ಷ ಅವಳನ್ನು ನೋಡಿಕೊಂಡವಳು ಆಯಿ. ‘ಹೀಗೇ ಕೂರಿಸಬೇಕು. ಬಯ್ಯಬಾರದು. ಬಯ್ದರೆ ಯಾಕೆ ಬಯ್ದರು ಎನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ’ ಎಂದಳು, ಯಾರಿಗೂ ಅಲ್ಲದೆ. ಸದ್ದು ಮೊದಲ ಸಲ ನಿಂತದ್ದು ಆಗ. ಮುಂದೆ ಅಮೆಜಾನಿನಲ್ಲಿ ಗಿಲ್ಗಮೇಶ್ ಸಾಯುವಾಗ ನಾನು ಹುಬ್ಬಳ್ಳಿಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದೆನಲ್ಲ, ಇಲ್ಲಿ ಜಗುಲಿಯ ತುಂಬ ಕಣ್ಣೊರೆಸಿಕೊಂಡರು. ಅಡಿಕೆಯ ಹಸಿರಸ ಮೆತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಏನಾಗುತ್ತದೆ ಎಂಬುದು ಸುಲಿದವರಿಗೆ ಗೊತ್ತು.

ಮಕ್ಕಾರಿಯ ಬಗ್ಗೆಯೂ ಒಂದು ಮಾತು. ಪಾತ್ರಕ್ಕೆ ಕಿವಿ ಕೇಳಿಸುವುದಿಲ್ಲ, ಆ ಪಾತ್ರ ಮಾಡಿದ ಲಾರೆನ್ ರಿಡ್ಲಾಫ್ ಅವರಿಗೂ ಕೇಳಿಸುವುದಿಲ್ಲ. ಮಾತೆಲ್ಲ ಕೈಸನ್ನೆಯಲ್ಲಿ. ಚರಕ್ ಟಕ್ ಗದ್ದಲದಲ್ಲಿ ಮಿಕ್ಕ ಒಂಬತ್ತು ಮಂದಿಯ ಮಾತು ಅರ್ಧಂಬರ್ಧ ಕೇಳಿದರೆ ಅವಳ ಮಾತೊಂದೇ ಎಲ್ಲರಿಗೂ ಪೂರ್ತಿ ದಕ್ಕಿತು.

ಹಾಗಾದರೆ ಚಿತ್ರದಲ್ಲಿ ತಪ್ಪೇ ಇಲ್ಲವೇ?

ದಂಡಿಯಾಗಿವೆ. ನನಗೆ ಎರಡನೇ ಸಲ ಮೊದಲಿಗಿಂತ ಹೆಚ್ಚು ಸಿಟ್ಟು ಬಂದದ್ದು ಡೀವಿಯಂಟ್‌ಗಳ ವಿಷಯದಲ್ಲಿ. ಇವುಗಳನ್ನು ಸೃಷ್ಟಿಸಿದ್ದೂ ಅದೇ ಒಡೆಯ ಅರಿಶೆಮ್. ಬೇಟೆಮೃಗಗಳನ್ನು ತೆಗೆದು ಮನುಷ್ಯರಿಗೆ ಜಾಗ ಮಾಡಿಕೊಡಲು ಕಳಿಸಿದ; ಇವು ಮನುಷ್ಯರನ್ನೇ ತಿನ್ನತೊಡಗಿದವು; ಇವನ್ನು ಕೊಲ್ಲಲು ಆ ಹತ್ತು ಮಂದಿಯನ್ನು ಮಾಡಿದ. ವರ ಕೊಟ್ಟು ಆಮೇಲೆ ಓಡುವ ಕಥೆ ನಮಗೆ ಹೊಸದೇ? ಭಸ್ಮಾಸುರ ಬೂದಿಯಾದದ್ದು ಇಲ್ಲೇ ಎಂದು ಹೇಳುವ ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಆ ಕಪ್ಪು ಶಿಖರಗಳ ಕೆಳಗೆ ನಿಂತವರಿಗೆ ಚಿತ್ರದ ಕರಿಕಲ್ಲಿನ ಹಡಗು ಕೂಡ ಗುರುತು ಸಿಕ್ಕಂತೆ ಅನ್ನಿಸುತ್ತದೆ.

ಭಸ್ಮಾಸುರನ ಕಡೆಯಿಂದ ನೋಡಿದರೆ ಆ ಕಥೆಗೆ ಎಂಥ ಸತ್ವ ಇರಬಹುದು! ಕ್ರೋ ಎಂಬ ಡೀವಿಯಂಟ್ ಅಮರರ ಶಕ್ತಿ ಹೀರಿ ಮಾತು ಕಲಿಯುತ್ತಾನೆ. ‘ನಮ್ಮನ್ನೂ ನಿಮ್ಮನ್ನೂ ಮಾಡಿದವನು ಒಬ್ಬನೇ, ಬಳಸಿ ಬಿಸಾಡಿದವನೂ ಅವನೇ’ ಎಂಬುದು ಅವನ ದೂರು. ದೂರಿನಲ್ಲಿ ನ್ಯಾಯವಿದೆ. ಮೂರನೇ ಪಕ್ಷಕ್ಕೆ ಇಂಥ ಅರ್ಥಧಾರಿ ಸಿಕ್ಕಿದ ಎಂದು ನಾವು ಕತ್ತು ನೀಡಿ ಕುಳಿತರೆ, ಚಿತ್ರ ಅವನನ್ನು ಒಂದು ಗುಹೆಯಲ್ಲಿ ಥೀನಾಳ ಕೈಯಲ್ಲಿ ಕತ್ತರಿಸಿ ಮುಗಿಸುತ್ತದೆ. ಆ ಹೊತ್ತಿಗೆ ಮೆಟ್ಟುಗತ್ತಿಗಳು ಓಡುತ್ತಿದ್ದ ವೇಗ ನೋಡಬೇಕಿತ್ತು. ಒಂದು ಬುಟ್ಟಿ ತುಂಬಿತು.

ನಗೆಮಾತುಗಳು ಬೇಡದ ಕಡೆ ಬರುತ್ತವೆ. ಸೆರ್ಸಿಯ ಈಗಿನ ಪ್ರಿಯಕರನಿಗೆ ಕೆಲಸವೇ ಇಲ್ಲ. ಮುಂದಿನ ಯಾವುದೋ ಚಿತ್ರಕ್ಕೆ ಟವೆಲ್ ಹಾಕಿ ಸೀಟು ಹಿಡಿದಂತೆ ಇಟ್ಟಿದ್ದಾರೆ.

ಚಿತ್ರ ತುಂಬ ಮಂಕು, ಬಣ್ಣವೇ ಇಲ್ಲ ಎಂಬ ದೂರಿಗೆ ಏನು ಹೇಳುತ್ತೀರಿ?

ಇದನ್ನು ಕಾರವಾರದ ಭಾವ ಬಗೆಹರಿಸಿದರು. ಅವರ ಮನೆಯಲ್ಲಿ ಕೊನೆಯ ಭಾಗವನ್ನು ದೀಪ ಆರಿಸಿ ಮತ್ತೆ ನೋಡಿದೆವು, ಏಕೆಂದರೆ ನಮ್ಮ ಜಗುಲಿಯ ಬಲ್ಬಿನ ಕೆಳಗೆ ಕತ್ತಲ ದೃಶ್ಯಗಳು ಕರಿ ಕಂಬಳಿಯಂತೆ ಕಂಡಿದ್ದವು. ಅದಕ್ಕೆ ಮೊದಲು ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿದ್ದೆವು. ಸೂರ್ಯ ನೀರಿಗಿಳಿದು ಹತ್ತು ನಿಮಿಷ ಆಗಿರಬೇಕು. ನನ್ನ ಮುಂದೆ ನಿಂತಿದ್ದ ಭಾವನ ಮುಖದಲ್ಲಿ ಬಣ್ಣವಿರಲಿಲ್ಲ, ಅಂಚು ಮಾತ್ರ ಇತ್ತು. ಅವರ ಹಿಂದೆ ಸಮುದ್ರ ತಗಡಿನಂತೆ ಹೊಳೆಯುತ್ತಿತ್ತು. ‘ಅವಳು ಚಿತ್ರ ತೆಗೆದದ್ದು ಈ ಹೊತ್ತಿನಲ್ಲಿ. ಮಧ್ಯಾಹ್ನದ ಬಣ್ಣ ಕೇಳಿದರೆ ಎಲ್ಲಿಂದ ತರುತ್ತಾಳೆ?’ ಎಂದರು ಭಾವ.

ಕೆನರಿ ದ್ವೀಪಗಳ ಕಪ್ಪು ಕಡಲತೀರಗಳಲ್ಲಿ ಸಹಜ ಬೆಳಕನ್ನೇ ಆದಷ್ಟೂ ನೆಚ್ಚಿ ತೆಗೆದ ದೃಶ್ಯಗಳಿವೆ. ಗಾಳಿ ನಿಜವಾದ ಗಾಳಿ, ಕೂದಲು ಅದಕ್ಕೇ ಹಾರುತ್ತದೆ. ಹಸಿರು ಪರದೆಯ ಮುಂದೆ ಫ್ಯಾನ್ ಇಟ್ಟು ಹಾರಿಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಕಡಲ ಬದಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ, ಟಿಯಾಮುತನ ತಲೆ ಮತ್ತು ಕೈ ಏಳುವುದು ಹಿಂದೂ ಮಹಾಸಾಗರದಿಂದ. ‘ನೀರು ಕಾರವಾರಕ್ಕೆ ಬರುತ್ತದೆಯೇ?’ ಎಂದು ಅಣ್ಣನ ಮಗ ಕೇಳಿದ್ದ. ಚಿತ್ರತಂಡ ಆ ಲೆಕ್ಕ ಹಾಕಿದಂತಿಲ್ಲ.

ಆಸ್ಕರ್ ಬಂದ ಮೇಲೆ ಝಾವೊ ದುಡ್ಡಿಗಾಗಿ ಇದನ್ನು ಮಾಡಿದರಂತೆ?

ದಿನಾಂಕ ನೋಡಿ. ಅವರಿಗೆ ಅತ್ಯುತ್ತಮ ನಿರ್ದೇಶಕಿ ಪ್ರಶಸ್ತಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಈ ಚಿತ್ರದ ಚಿತ್ರೀಕರಣ 2020ರ ಆರಂಭಕ್ಕೇ ಮುಗಿದಿತ್ತು. ಕೋವಿಡ್ ಕಾರಣಕ್ಕೆ ಬಿಡುಗಡೆ ಒಂದು ವರ್ಷ ಮುಂದಕ್ಕೆ ಹೋಯಿತು, ಅಷ್ಟೇ.

ಹಿಂದಿನ ಮಾರ್ವೆಲ್ ಚಿತ್ರಗಳನ್ನೆಲ್ಲ ನೋಡಿರಬೇಕೇ?

ಬೇಡ. ಥಾನೋಸ್ ಎಂಬವನು ಚಿಟಿಕೆ ಹೊಡೆದು ಜಗತ್ತಿನ ಅರ್ಧ ಜೀವಿಗಳನ್ನು ಮಾಯ ಮಾಡಿದ್ದ, ಐದು ವರ್ಷದ ಮೇಲೆ ಅವರೆಲ್ಲ ಮರಳಿದರು ಎಂದು ತಿಳಿದರೆ ಸಾಕು. ಅವರನ್ನು ಮರಳಿ ತಂದ ಛಲ ನೋಡಿಯೇ ಏಜಕ್ ಮನಸ್ಸು ಕರಗುವುದು.

ಭಾರತದ ಭಾಗ ಹೇಗಿದೆ?

ಕ್ರಿಸ್ತಶಕ 400ರ ಗುಪ್ತರ ಕಾಲದಲ್ಲಿ ಸೆರ್ಸಿ ಮತ್ತು ಇಕಾರಿಸರ ಮದುವೆ ನಡೆಯುತ್ತದೆ. ಕಣ್ಣು ಮಿಟುಕಿಸಿದರೆ ಊಟವೂ ಮುಗಿದಿರುತ್ತದೆ. ಕುಮೈಲ್ ನಂಜಿಯಾನಿಯ ಕಿಂಗೋ ಮುಂಬಯಿಯಲ್ಲಿ ತಾರೆ. ಅವನ ಹಾಡು ಕುಣಿತ ಬಾಲಿವುಡ್ಡನ್ನು ದೂರದಿಂದ ಬಲ್ಲವರು ಕಟ್ಟಿದಂತಿದೆ. ಅದನ್ನು ಉಳಿಸುವುದು ಹರೀಶ್ ಪಟೇಲ್. ಕಿಂಗೋನ ಕೈಯಾಳು ಕರುಣ್ ಆಗಿ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ತಿರುಗುತ್ತಾನೆ. ಮೊದಲ ಸಲ ನಗೆಗೆಂದು ಇಟ್ಟ ಪಾತ್ರ ಎಂದುಕೊಂಡೆ. ಎರಡನೇ ಸಲ ಗಮನಿಸಿದ್ದು, ಅವರ ಗುಟ್ಟೆಲ್ಲ ತಿಳಿದೂ ಬೆನ್ನು ತಿರುಗಿಸದ ಮನುಷ್ಯ ಇಡೀ ಗುಂಪಿನಲ್ಲಿ ಅವನೊಬ್ಬನೇ. ತನ್ನ ಲೋಕ ಮುಳುಗಲಿದೆ ಎಂದು ಗೊತ್ತಾದ ಮೇಲೂ ಅವರಿಗೆ ನಮಸ್ಕಾರ ಹೇಳಿಯೇ ಬೀಳ್ಕೊಡುತ್ತಾನೆ.

ಬೈಸಿಕೊಂಡ ಚಿತ್ರಗಳನ್ನೆಲ್ಲ ಎರಡು ಸಲ ನೋಡಬೇಕು ಎನ್ನುತ್ತೀರಾ?

ಖಂಡಿತ ಇಲ್ಲ. ಅಷ್ಟು ಅಡಿಕೆ ಯಾರ ಮನೆಯಲ್ಲೂ ಬೆಳೆಯುವುದಿಲ್ಲ. ಅದೇ ಕೊಯ್ಲಿನಲ್ಲಿ ಇನ್ನೂ ನಾಲ್ಕು ಹಳೆಯ ಚಿತ್ರ ಹಾಕಿದೆವು. ಮೂರನ್ನು ಮೊದಲ ಸಲ ಬಯ್ದದ್ದು ಸರಿಯಾಗಿಯೇ ಇತ್ತು.

ಕೊನೆಯಲ್ಲಿ ಹೆಸರುಗಳು ಬಂದ ಮೇಲೂ ಕೂರಬೇಕೇ?

ಎರಡು ತುಣುಕುಗಳಿವೆ, ಎರಡೂ ಬರಲಿರುವ ಚಿತ್ರಗಳ ಜಾಹೀರಾತು. ನಿಜವಾದ ಕೊನೆ ಅದಕ್ಕೂ ಮೊದಲೇ ಆಗಿರುತ್ತದೆ: ಸೆರ್ಸಿ ಟಿಯಾಮುತನನ್ನು ಅಮೃತಶಿಲೆಯಾಗಿಸುತ್ತಾಳೆ. ಅವಳನ್ನು ಕೊಲ್ಲಬಹುದಾಗಿದ್ದ ಇಕಾರಿಸ್ ಕೊಲ್ಲಲಾರದೆ ಹೋಗುತ್ತಾನೆ. ಆಮೇಲೆ ನೆಟ್ಟಗೆ ಸೂರ್ಯನೊಳಗೆ ಹಾರುತ್ತಾನೆ. ಮೂರನೇ ಸಲ ಮೆಟ್ಟುಗತ್ತಿಗಳು ನಿಂತದ್ದು ಆಗ. ಮಾವ ಒಂದೇ ಮಾತು ಹೇಳಿದರು, ‘ಇವನಿಗೆ ಉತ್ತರಾಯಣದ ತನಕ ಕಾಯುವ ತಾಳ್ಮೆಯೂ ಇರಲಿಲ್ಲ.’ ಹೆಸರುಗಳು ಏರುತ್ತಿದ್ದಂತೆ ಅತ್ತಿಗೆ ಸಿಪ್ಪೆ ಗುಡಿಸತೊಡಗಿದರು. ಆಯಿ ಆಗಲೇ ಅಂಗಳಕ್ಕೆ ಇಳಿದು ಹಂಡೆಯ ಕೆಳಗೆ ಬೆಂಕಿ ಹಾಕುತ್ತಿದ್ದಳು.